ಮನೆಯ ಕೈಗೆಲಸ: ಅಳಗುಳಿಮಣೆ

ಈ ತಿಂಗಳು ಅಳಗುಳಿಮಣೆಯನ್ನು ಮಾಡುವ ಕ್ರಮವನ್ನು ತಿಳಿಸಬೇಕೆಂದಿರುವೆವು. ಹಣ ಕೊಟ್ಟರೆ ಅಂಗಡಿಯಲ್ಲಿ ಸಿಕ್ಕುವ ವಸ್ತುವಿಗೆ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಅಂಥವರಿಗೆ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಮೊದಲು ಅರಿಕೆ ಮಾಡಿಕೊಳ್ಳುವೆವು.

ಹಳ್ಳಿಯ ಮನೆಯನ್ನು ಬಿಟ್ಟು ಅಟ್ಟೂರಿಗೆ ಬಂದಾಗ ನಾವು ಅನೇಕ ಹಳೆಯ ಸಾಮಾನುಗಳನ್ನು ಗುಜರಿಯವನಿಗೆ ಕೊಟ್ಟೆವು. ಅವುಗಳಲ್ಲಿ ನಮ್ಮ ಸೋದರತ್ತೆಯವರ ಅಳಗುಳಿಮಣೆಯೂ ಒಂದು. ಯಲಹಂಕದ ಮಗ್ಗುಲ ಹಳ್ಳಿಯಾಗಿದ್ದ ಅಟ್ಟೂರು ಈಗ ಬೆಂಗಳೂರಿನೊಳಗೆ ಸೇರಿಹೋಗಿದೆ. ಕೆರೆಯೊಂದು ಉಳಿದಿದೆ, ಸುತ್ತಣ ಹೊಲಗಳು ಬಡಾವಣೆಗಳಾಗಿವೆ. ಇಲ್ಲಿಯ ಸಣ್ಣ ಮನೆಯಲ್ಲಿ ಅಂಥ ಮಣೆಗೆ ಸ್ಥಳವೆಲ್ಲಿಯದು ಎಂಬುದು ನಮ್ಮ ಅಂದಿನ ವಿವೇಕ. ಕೆಲವು ವರುಷಗಳಲ್ಲಿ ಅತ್ತೆಯವರ ಎರಡು ಕಣ್ಣುಗಳ ದೃಷ್ಟಿಯೂ ಹೋಯಿತು. ಓದುವಂತಿಲ್ಲ, ಹೂ ಕಟ್ಟಿದರೆ ಬಣ್ಣ ತಿಳಿಯದು. ಒಂದು ಸಂಜೆ ಅವರು, “ನನ್ನ ಅಳಗುಳಿಮಣೆ ಎಲ್ಲಿಟ್ಟಿದ್ದೀಯಪ್ಪ? ಅದಕ್ಕೆ ಕಣ್ಣು ಬೇಡ, ಬೆರಳಿದ್ದರೆ ಸಾಕು” ಎಂದರು. ಅದನ್ನು ಮಾರಿಬಿಟ್ಟೆವೆಂದು ಹೇಳಲು ನಮಗೆ ಎರಡು ದಿನ ಬೇಕಾಯಿತು. ಅವರು ಕೋಪಿಸಿಕೊಳ್ಳಲಿಲ್ಲ. “ಹೋಗಲಿ ಬಿಡು” ಎಂದು ಸುಮ್ಮನಾದರು. ಆ ಮಾತನ್ನು ಕೇಳಿ ಸುಮ್ಮನಿರಲಾರದೆ ನಾವು ಉಳಿಯನ್ನು ಹಿಡಿದೆವು.

ಮೊದಲನೆಯ ಯತ್ನವು ಕೆಟ್ಟಿತು. ಆತುರದಿಂದ ಹಲಸಿನ ಹಲಗೆಯೊಂದನ್ನು ಕೊಂಡು ತಂದು, ನಾಲ್ಕೇ ದಿನಗಳಲ್ಲಿ ಗುಳಿಗಳನ್ನು ತೋಡಿ ಮುಗಿಸಿದೆವು. ಮೂರನೆಯ ವಾರದಲ್ಲಿ ಹಲಗೆಯು ತುದಿಯಿಂದ ಸೀಳಿ, ಬಿರುಕು ಮೂರು ಗುಳಿಗಳನ್ನು ದಾಟಿತು. ಮೇಲೆ ಒಣಗಿದಂತೆ ಕಂಡರೂ ಮರವು ಒಳಗೆ ಹಸಿಯಾಗಿತ್ತು. ಮರವು ಒಣಗುವಾಗ ಉದ್ದಕ್ಕೆ ಬಹಳ ಅಲ್ಪವಾಗಿಯೂ ಅಡ್ಡಕ್ಕೆ ಹೆಚ್ಚಾಗಿಯೂ ಕುಗ್ಗುತ್ತದೆ. ಅಲ್ಲದೆ ಹಲಗೆಯ ತುದಿಗಳು ನಡುಭಾಗಕ್ಕಿಂತ ಬೇಗ ಒಣಗುತ್ತವೆ. ಈ ಎಳೆದಾಟದಲ್ಲಿ ಬಿರುಕು ತುದಿಯಿಂದಲೇ ಮೊದಲಾಗುವುದು ಸಹಜ. ಅಂಗುಲ ದಪ್ಪಕ್ಕೆ ಒಂದು ವರುಷ ನೆರಳಿನಲ್ಲಿ ಒಣಗಿಸಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. ಸಂಶಯವಿದ್ದಲ್ಲಿ ಹಲಗೆಯನ್ನು ವಾರಕ್ಕೊಮ್ಮೆ ತೂಗಿ ನೋಡಿರಿ; ತೂಕವು ಇಳಿಯುತ್ತಿರುವ ತನಕ ಉಳಿಯನ್ನು ಮುಟ್ಟಬೇಡಿರಿ. ಮರದ ನಡುತಿರುಳು ಸೇರಿರುವ ಹಲಗೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳತಕ್ಕದ್ದಲ್ಲ.

ಎರಡನೆಯ ಸಾರಿ, ಕೆಡವಿದ ಹಳೆಯ ಮನೆಯೊಂದರ ಬಾಗಿಲ ಚೌಕಟ್ಟಿನ ಹಲಸಿನ ತುಂಡನ್ನು ತಂದೆವು. ಎಷ್ಟೋ ವರುಷ ಗಾಳಿಯಲ್ಲಿ ಒಣಗಿದ ಇಂಥ ಮರವು ಈ ಕೆಲಸಕ್ಕೆ ಬಹು ಯೋಗ್ಯ. ಆದರೆ ಅದರಲ್ಲಿ ಮೊಳೆ ಮುರಿದು ಉಳಿದಿದೆಯೇ ಎಂದು ಮೊದಲು ಅಯಸ್ಕಾಂತವನ್ನು ಆಡಿಸಿ ನೋಡಬೇಕು. ಒಂದು ಮೊಳೆ ಸಾಕು, ಉಳಿಯ ಬಾಯಿ ಹೋಗುವುದಕ್ಕೆ.

ಇನ್ನು ಅಳತೆಗಳು. ಹಲಗೆಯು 20 ಅಂಗುಲ ಉದ್ದ, 6 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪವಿರಲಿ. ಉಜ್ಜುಗೊರಡಿನಿಂದ ನುಣುಪು ಮಾಡಿ, ಉದ್ದದ ಎರಡು ಅಂಚುಗಳಿಂದಲೂ ಒಂದು ಮುಕ್ಕಾಲು ಅಂಗುಲ ಒಳಗೆ ಒಂದೊಂದು ಗೆರೆ ಎಳೆಯಿರಿ. ಪ್ರತಿ ಗೆರೆಯ ಮೇಲೆ ಎಡತುದಿಯಿಂದ ಎರಡೂವರೆ ಅಂಗುಲಕ್ಕೊಂದರಂತೆ ಏಳು ಚುಕ್ಕೆಗಳನ್ನಿಟ್ಟರೆ ಬಲತುದಿಯಲ್ಲಿಯೂ ಎರಡೂವರೆ ಅಂಗುಲವೇ ಉಳಿಯುವುದು. ಉಳಿಯದಿದ್ದರೆ ಅಳತೆ ತಪ್ಪಿದೆಯೆಂದು ತಿಳಿಯಿರಿ. ಈ ಚುಕ್ಕೆಗಳನ್ನು ನಡುವಾಗಿಟ್ಟುಕೊಂಡು ಕೈವಾರದಿಂದ 2 ಅಂಗುಲ ಅಡ್ಡಳತೆಯ 14 ವೃತ್ತಗಳನ್ನು ಬರೆಯಬೇಕು. ವೃತ್ತ ವೃತ್ತಗಳ ನಡುವೆ ಅರ್ಧ ಅಂಗುಲ ಮರ ನಿಲ್ಲುವುದು.

ಗುಳಿಯ ಆಳ ಮುಕ್ಕಾಲು ಅಂಗುಲ. ಬೈರಿಗೆಯ ಅಲಗಿಗೆ ಅರ್ಧ ಅಂಗುಲಕ್ಕೆ ಸರಿಯಾಗಿ ಒಂದು ದಾರ ಸುತ್ತಿ, ನಡುವಿನಲ್ಲಿ ಕೆಲವು ತೂತುಗಳನ್ನು ಕೊರೆದುಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಬಳಿಕ ಬಾಯಿ ಬಿಲ್ಲಿನಂತೆ ಬಾಗಿದ ಉಳಿಯನ್ನು ಕೊಡತಿಯಿಂದ ಮೆಲ್ಲಗೆ ಹೊಡೆಯುತ್ತ, ಅಂಚಿನಿಂದ ನಡುವಿಗೆ ತೋಡುತ್ತ ಬನ್ನಿರಿ. ನಡುವಿನಿಂದ ಅಂಚಿಗೆ ಹೊಡೆದರೆ ಅಂಚು ಚಕ್ಕೆಯೆದ್ದು ಹೋಗುವುದು. ಹಲಗೆಯನ್ನು ಎಂದಿಗೂ ತೊಡೆಯ ಮೇಲಿಟ್ಟು ತೋಡಕೂಡದು. ಮೇಜಿಗೆ ಬಿಗಿಯಾಗಿ ಕಟ್ಟಿ, ಎರಡು ಕೈಗಳನ್ನೂ ಉಳಿಯ ಹಿಂದೆಯೇ ಇಟ್ಟುಕೊಳ್ಳಬೇಕು. ಒಂದು ಗುಳಿ ಒಪ್ಪವಾದ ಮೇಲೆ ಅದರ ಆಕಾರಕ್ಕೆ ದಪ್ಪ ಕಾಗದವನ್ನು ಕತ್ತರಿಸಿ, ಉಳಿದ ಹದಿಮೂರರಲ್ಲಿಯೂ ಅದನ್ನು ತಿರುಗಿಸಿ ನೋಡುತ್ತ ಸರಿಪಡಿಸಿರಿ.

ನಮ್ಮ ಕೆಲಸ ಮುಗಿಯಿತೆಂದುಕೊಂಡು ಮಣೆಯನ್ನು ಅತ್ತೆಯವರ ಮುಂದಿಟ್ಟೆವು. ಅವರು ಹದಿನಾಲ್ಕು ಗುಳಿಗಳನ್ನೂ ಬೆರಳಿನಿಂದ ಸವರಿ, ಹುಣಿಸೆಬೀಜ ಹಾಕಿ ಎತ್ತಿ, “ಗೋಡೆ ಕಡಿದಾಯಿತಪ್ಪ, ಬೆರಳ ಹಿಂದೆ ಒಂದು ಬೀಜ ಉಳಿದುಬಿಡುತ್ತೆ. ಕಣ್ಣಿದ್ದವರು ನೋಡಿ ತೆಗೆದಾರು, ನಾನು ಹೇಗೆ ತೆಗೆಯಲಿ?” ಎಂದರು. ಮಾತು ನಿಜ. ಕಣ್ಣಿಗೆ ಗುಂಡಗೆ ಕಂಡ ಗುಳಿಯು ಬೆರಳಿಗೆ ಬಾವಿಯಾಗಿತ್ತು. ಮತ್ತೆ ಉಳಿ ಹಿಡಿದು ಗೋಡೆಗಳನ್ನು ಓರೆ ಮಾಡಿ, ಅಂಚುಗಳನ್ನು ಮಟ್ಟಸವಾಗಿ ದುಂಡಗೆ ತೀಡಿದೆವು. ಪ್ರತಿ ಸಾಲಿನ ನಾಲ್ಕನೆಯ ಗುಳಿಯ ಹೊರ ಅಂಚಿನಲ್ಲಿ ಒಂದು ಸಣ್ಣ ಕಚ್ಚನ್ನೂ ಮಾಡಿದೆವು. ಅದು ನಡುವಣ ಮನೆಯೆಂದು ಬೆರಳಿಗೆ ತಿಳಿಯಲೆಂದು. ಈ ಎರಡು ತಿದ್ದುಪಡಿಗಳು ಕಣ್ಣುಳ್ಳವರ ಮಣೆಗೂ ಗುಣವನ್ನೇ ತರುತ್ತವೆ.

ಕೊನೆಗೆ ಉಪ್ಪುಕಾಗದದಿಂದ ಉಜ್ಜಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಹೆಚ್ಚಾದುದನ್ನು ಒರಸಿ, ಕೆಲವು ದಿನ ನೆರಳಿನಲ್ಲಿಡಬೇಕು. ಒಂದೆಚ್ಚರಿಕೆ: ಆ ಎಣ್ಣೆ ಒರಸಿದ ಬಟ್ಟೆಯನ್ನು ಮುದುರಿ ಮೂಲೆಗೆಸೆಯಬೇಡಿರಿ. ಎಣ್ಣೆಯು ಒಣಗುವಾಗ ಕಾವು ಹುಟ್ಟಿ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅದನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು.

ಕಾಯಿಗಳಿಗೆ ಹುಣಿಸೆಬೀಜವೇ ಉತ್ತಮ. ಗುಲಗಂಜಿ ನೋಡಲು ಚೆಂದವಾದರೂ ವಿಷದ ಬೀಜ. ಜಗಿದು ನುಂಗಿದರೆ ಪ್ರಾಣಾಪಾಯ. ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಗುಳಿಗೆ ನಾಲ್ಕರಂತೆ 56 ಬೀಜಗಳನ್ನಿಟ್ಟು ಆಡುವ ಪದ್ಧತಿ ಬಹಳ ಕಡೆ ಇದೆ. ತನ್ನ ಸಾಲಿನ ಒಂದು ಗುಳಿಯದನ್ನು ಎತ್ತಿ ಒಂದೊಂದಾಗಿ ಮುಂದಕ್ಕೆ ಹಾಕುತ್ತ ಹೋಗುವುದು; ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಯುವುದು; ಮುಂದಿನದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದು ಗೆಲುವಿನ ಗಂಟು. ಉಳಿದ ಕಟ್ಟಳೆಗಳು ಊರೂರಿಗೆ ಬೇರೆ. ಅವನ್ನು ಮನೆಯ ಹಿರಿಯರಲ್ಲಿಯೇ ಕೇಳತಕ್ಕದ್ದು.

ಇದೇ ಆಟವು ತುಳುನಾಡಿನಲ್ಲಿ ಚೆನ್ನೆಮಣೆ, ತಮಿಳರಲ್ಲಿ ಪಲ್ಲಾಂಗುಳಿ, ತೆಲುಗರಲ್ಲಿ ವಾಮನಗುಂಟಲು. ಇದರ ಬಂಧುಗಳು ಆಫ್ರಿಕಾ ಖಂಡದಲ್ಲಿಯೂ ಅನೇಕ. ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಡಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದ ಕಥೆಯಿದೆ. ಆಂಗ್ಲರ ಕ್ರಿಬೇಜ್ ಎಂಬ ಇಸ್ಪೀಟಾಟಕ್ಕೂ ತೂತುಗಳ ಮರದ ಹಲಗೆಯೊಂದುಂಟು. ಆದರೆ ಅಲ್ಲಿ ಹಲಗೆಯು ಕಡ್ಡಿ ಚುಚ್ಚಿ ಅಂಕ ಎಣಿಸುವುದಕ್ಕೆ ಮಾತ್ರ. ನಮ್ಮಲ್ಲಿ ಹಲಗೆಯೇ ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಬಹು ಆಸಕ್ತರಾಗಿ, ಹೊಸ ಆಟಗಳನ್ನೂ ರಚಿಸಿದ್ದರು. ಆದಕಾರಣ ಇದು ಹೆಂಗಸರ ಮಧ್ಯಾಹ್ನದ ಕಾಲಹರಣವೆಂದು ಯಾರೂ ಅಸಡ್ಡೆ ಮಾಡಬೇಕಾದುದಿಲ್ಲ.

ಈಗ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯವರಿಗೂ ನಮ್ಮ ಒಂಬತ್ತು ವರುಷದ ಮಗಳಿಗೂ ಪಂದ್ಯ ನಡೆಯುತ್ತದೆ. ಮೊನ್ನೆ ಹುಡುಗಿಯು ಸದ್ದಿಲ್ಲದೆ ಎರಡು ಬೀಜಗಳನ್ನು ಮಡಿಲಿಗೆ ಸೇರಿಸಿದಳು. ಅತ್ತೆಯವರು ತಮ್ಮ ಕೈಯ ಬೀಜ ಹಾಕುತ್ತ ಹೋಗಿ, ಹಠಾತ್ತಾಗಿ ನಿಂತು, “ಐದನೆಯ ಮನೆಯಲ್ಲಿ ಆರಿರಬೇಕಿತ್ತಲ್ಲ ಮಗು, ನಾಲ್ಕೇ ಇವೆ” ಎಂದರು. ಮಗಳು ನಾಚಿ ಹಿಂದಕ್ಕಿಟ್ಟಳು. ನಾವು ಪಕ್ಕದಲ್ಲೇ ಕುಳಿತಿದ್ದರೂ ನಮಗದು ಕಂಡಿರಲಿಲ್ಲ.

ಸೀಳಿದ ಮೊದಲ ಮಣೆಯನ್ನು ನಾವು ಎಸೆದಿಲ್ಲ. ಅದರ ಚೆನ್ನಾಗಿರುವ ತುಂಡಿನ ಹಿಂಬದಿಯಲ್ಲಿ ಹುಲಿಕಲ್ಲಿನ ಮನೆಯನ್ನು ಕೊರೆಯುವ ಕ್ರಮವನ್ನು ಮುಂದಿನ ತಿಂಗಳು ತಿಳಿಸುವೆವು.