ಕೊಳೆತದ್ದು ನಾಲ್ಕಿಂಚು

ಕುಂದಾಪುರದ ಹತ್ತಿರ ಇರುವ ನಮ್ಮ ಮನೆಯ ಪಡುದಿಕ್ಕಿನ ಕಿಟಕಿಗಳಿಗೆ ಹಲಸಿನ ಮರದ ಕದಗಳಿವೆ. ಕಡಲ ಕಡೆಯಿಂದ ಬರುವ ಮಳೆಗೆ ಮೊದಲು ಮೈಯೊಡ್ಡುವುದು ಅವೇ. ಹೋದ ವರ್ಷ ಅಣ್ಣ ಅವನ್ನು ನೋಡಿ, "ಎಲ್ಲ ಕುಂಬಾಗಿದೆ, ಕಿತ್ತು ಹಾಕಿ ಯುಪಿವಿಸಿ ಕೂರಿಸುವ" ಎಂದ. ಅಳತೆಗೆ ಬಂದವನು ಕದ ಮುಟ್ಟಿಯೂ ನೋಡಲಿಲ್ಲ. ಬಣ್ಣ ಎದ್ದಿದೆ, ಮರ ಬೂದಿಯಾಗಿದೆ. ತೀರ್ಪು ಕೊಡಲು ಅವನಿಗೆ ಅಷ್ಟು ಸಾಕಾಯಿತು.

ಈ ಅವಸರದ ಬಗ್ಗೆಯೇ ನನ್ನ ತಕರಾರು. ಮರ ಬೂದಿಯಾದ ಮಾತ್ರಕ್ಕೆ ಕೊಳೆತಿದೆ ಎಂದಲ್ಲ. ಬಿಸಿಲಿನ ಅತಿನೇರಳೆ ಕಿರಣ ಮರದ ಮೇಲ್ಪದರದ ಲಿಗ್ನಿನ್ ಅನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಒಂದೆರಡು ಮಿಲಿಮೀಟರ್ ಕೀಸಿದರೆ ಕೆಳಗೆ ಗಟ್ಟಿ ಮರ. ಕೊಳೆಯಲು ಶಿಲೀಂಧ್ರ ಬೇಕು, ಅದಕ್ಕೆ ತೇವ ಬೇಕು. ಮರದ ತೇವಾಂಶ ಶೇ. 20ರ ಒಳಗಿದ್ದರೆ ಅದು ಬೆಳೆಯದು. ಹಾಗಾಗಿ ಕೊಳೆ ಹಿಡಿಯುವುದು ನೀರು ನಿಲ್ಲುವ ಕಡೆ: ಕೆಳಗಿನ ಅಡ್ಡಪಟ್ಟಿ, ಮೂಲೆಯ ಸಂದು, ಅಡ್ಡ ಕೊಯ್ದ ತುದಿ. ದಬ್ಬಳ ಹಿಡಿದು ಒಂದೊಂದೇ ಕಡೆ ಚುಚ್ಚಿ ನೋಡಿದೆ. ಎಂಟು ಕದಗಳ ಪೈಕಿ ದಬ್ಬಳ ಸಲೀಸಾಗಿ ಇಳಿದದ್ದು ಮೂರರಲ್ಲಿ, ಅದೂ ಕೆಳಗಿನ ನಾಲ್ಕಿಂಚಿನಲ್ಲಿ.

ಊರಿನ ಆಚಾರ್ರನ್ನು ಕರೆದೆ. ಅವರು ಗಟ್ಟಿ ಮರ ಸಿಗುವವರೆಗೆ ಓರೆಯಾಗಿ ಕೊಯ್ದು, ಹಳೆಯ ಹಲಸಿನ ತುಂಡನ್ನೇ ಎಳೆಯ ದಿಕ್ಕು ಹೊಂದಿಸಿ ಕೂಡಿಸಿದರು. ಪುಟ್ಟಿ ತುಂಬಿದರೆ ಸಾಲದೇ ಎಂದು ಕೇಳಿದ್ದಕ್ಕೆ, "ಪುಟ್ಟಿ ಬಿರಿತದೆ, ಆ ಬಿರುಕಲ್ಲಿ ನೀರು ನಿಲ್ತದೆ ಮಾರಾಯ್ರೆ" ಎಂದರು. ಹಳೆ ಬಣ್ಣವನ್ನು ಒದ್ದೆ ಮಾಡಿಯೇ ಉಜ್ಜಿದೆವು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳನ್ನು ನಂಬುವಂತಿಲ್ಲ. ಕೊನೆಗೆ ತುದಿಗಳು ಸಾಕೆನ್ನುವಷ್ಟು ಎಣ್ಣೆ ಕುಡಿಸಿದೆವು.

ಅಣ್ಣನ ಮಾತಿನಲ್ಲೂ ಹುರುಳಿದೆ. "ವರ್ಷ ವರ್ಷ ಎಣ್ಣೆ ಹಚ್ಚುವವರು ಯಾರು? ಎಪ್ಪತ್ತೈದರ ಅಮ್ಮನಾ?" ಈ ಪ್ರಶ್ನೆಗೆ ಮರದ ಗುಣಗಾನ ಉತ್ತರವಾಗದು. ಯುಪಿವಿಸಿಗೆ ಗೆದ್ದಲಿಲ್ಲ, ಎಣ್ಣೆಯ ಖರ್ಚಿಲ್ಲ. ಆದರೆ ಅದರ ಮೂಲೆ ಒಡೆದರೆ ನಾಲ್ಕಿಂಚು ಕೊಯ್ದು ಕೂಡಿಸಿ ಕೊಡುವವರು ನಮ್ಮ ಊರಿನಲ್ಲಿಲ್ಲ. ಆಚಾರ್ರಿಗೆ ಕೆಲಸ ಕೊಡದೆ ಹೋದರೆ ಮರಕ್ಕೂ ಅಂಥವರು ಇರುವುದಿಲ್ಲ.

ನನಗೆ ಹೆಚ್ಚು ಸಿಟ್ಟಿರುವುದು ಓದುವ, ಬರೆಯುವ ನಮ್ಮಂಥವರ ಮೇಲೆ. ಹಳೆ ಮನೆ ಬಿದ್ದಾಗ ಕವಿತೆ ಬರೆಯುತ್ತೇವೆ. ಕಿಟಕಿಯ ಫೋಟೊ ಹಾಕಿ ನಿಟ್ಟುಸಿರು ಬಿಡುತ್ತೇವೆ. ಅದೇ ಕಿಟಕಿ ಗುಜರಿ ಸೇರಿ, ಅಲ್ಲಿಂದ ರೆಸಾರ್ಟಿನ ಗೋಡೆಗೆ ಏರಿದರೆ ಪರಂಪರೆ ಎನ್ನುತ್ತೇವೆ. ಅದು ಮನೆಯಲ್ಲಿದ್ದಾಗ ದಬ್ಬಳ ಹಿಡಿದವರು ಎಷ್ಟು ಮಂದಿ? ಹದಿನೈದು ವರ್ಷ ಬೆಂಗಳೂರಿನಲ್ಲಿ ಕೂತು ನಾನೂ ನಿಟ್ಟುಸಿರನ್ನಷ್ಟೇ ಬಿಟ್ಟವನು. ಆ ಕೆಳಪಟ್ಟಿಗಳು ಕೊಳೆತದ್ದು ಅದೇ ಹದಿನೈದು ವರ್ಷಗಳಲ್ಲಿ.

ಪ್ರತಿ ವರ್ಷ ದೀಪಾವಳಿ ಕಳೆದು ಮರ ಒಣಗಿದ ಮೇಲೆ ಎರಡು ದಿನ ರಜೆ ಹಾಕಿ ಬಂದು ಎಣ್ಣೆ ಹಚ್ಚುತ್ತೇನೆಂದು ಅಣ್ಣನಿಗೆ ಮಾತು ಕೊಟ್ಟಿದ್ದೇನೆ. ನಾನು ತಪ್ಪಿದ ವರ್ಷ ಅವನು ಯುಪಿವಿಸಿಯವನನ್ನು ಕರೆಸಲಿ. ಆಗ ಬಾಯಿ ತೆರೆಯುವ ಹಕ್ಕು ನನಗಿರುವುದಿಲ್ಲ.