ತೂಕದ ಚೀಟಿಯ ಹಿಂದಿನ ಕಾಯಕ

ಕಬ್ಬಿನ ಹಂಗಾಮು ಬಂದಿತೆಂದರೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳಿಂದ ತುಂಬುತ್ತವೆ. ಸಮೀರವಾಡಿ, ಹಿರೇಪಡಸಲಗಿ, ಬಾಡಗಂಡಿಗಳ ಸಕ್ಕರೆ ಕಾರ್ಖಾನೆಗಳತ್ತ ಅವು ಸಾಲುಗಟ್ಟಿ ಸಾಗುತ್ತವೆ. ಬೆಳೆದ ರೈತನನ್ನೂ ಕಡಿದ ಕೂಲಿಕಾರನನ್ನೂ ಯಂತ್ರ ನಡೆಸುವವನನ್ನೂ ನಾವು ನೆನೆಯುತ್ತೇವೆ. ಆದರೆ ಕಬ್ಬು ವಿಭಾಗದ ಮೇಜಿನ ಮುಂದೆ, ತೂಕದ ಮನೆಯ ಕಿಟಕಿಯ ಹಿಂದೆ ಕುಳಿತು ಬರೆಯುವವರನ್ನು ನೆನೆಯುವುದು ಕಡಿಮೆ. ‘ಬರೀ ಕಾರಕೂನಿಕೆ’ ಎಂದು ಹಗುರವಾಗಿ ಆಡುವವರೂ ಉಂಟು.

ಆ ಕೆಲಸದ ಭಾರವನ್ನು ತುಸು ವಿಚಾರಿಸೋಣ. ರೈತನ ಹೆಸರು, ಹೊಲದ ಸರ್ವೆ ನಂಬರು, ನಾಟಿಯ ದಿನಾಂಕ, ತಳಿ ಇವೆಲ್ಲ ನೋಂದಣಿಯಾದ ಮೇಲೆ ಕಟಾವಿನ ಪಾಳಿ ನಿಗದಿಯಾಗುತ್ತದೆ. ಪಾಳಿ ತಪ್ಪಿದರೆ ಹೊಲದಲ್ಲಿ ನಿಂತ ಕಬ್ಬು ಸೂಲಂಗಿ ಬಿಟ್ಟು ಬೆಂಡಾಗುತ್ತದೆ. ಕಡಿದದ್ದು ಕಾದು ನಿಂತರೆ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ತೂಕದ ಸೇತುವೆಯ ಮೇಲೆ ತುಂಬಿದ ಗಾಡಿಯನ್ನೊಮ್ಮೆ, ಬರಿದಾದ ಗಾಡಿಯನ್ನೊಮ್ಮೆ ತೂಗಿ, ಅವುಗಳ ವ್ಯತ್ಯಾಸವನ್ನು ಚೀಟಿಯಲ್ಲಿ ಕಾಣಿಸುತ್ತಾರೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡಾ 10.25 ಇಳುವರಿಗೆ ಗೊತ್ತುಪಡಿಸಿದ ದರ ಕ್ವಿಂಟಲಿಗೆ 355 ರೂಪಾಯಿ. ಈ ಲೆಕ್ಕದಲ್ಲಿ ಒಂದು ಟನ್ ತಪ್ಪಿ ಬರೆದರೆ 3,550 ರೂಪಾಯಿಯ ಅಂತರ!

ತೂಕದಷ್ಟೇ ಮುಖ್ಯವಾದುದು ದಿನಾಂಕ. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದ ಅವಧಿಗೆ ವಾರ್ಷಿಕ ಶೇಕಡಾ 15ರ ಬಡ್ಡಿ ಸೇರಬೇಕು. ಒಂದು ಲಕ್ಷ ರೂಪಾಯಿ ಒಂದು ತಿಂಗಳು ತಡವಾದರೆ ಬಡ್ಡಿಯೇ 1,250 ರೂಪಾಯಿ. ಈ ಹಕ್ಕನ್ನು ಕೇಳಲು ರೈತನ ಕೈಯಲ್ಲಿರುವ ಸಾಕ್ಷಿ ಯಾವುದು? ಗುಮಾಸ್ತರು ಕಾಣಿಸಿದ ಆ ದಿನಾಂಕವೇ. ಸೊಸೈಟಿಯ ಸಾಲ, ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ ಎಲ್ಲವೂ ಆ ತುಂಡು ಕಾಗದವನ್ನು ನೆಚ್ಚಿರುತ್ತವೆ.

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಕೊಟ್ಟ ನೂಲು, ಬಂದ ಸೀರೆ ಸರಿಯಾಗಿ ಬರೆದಿದ್ದರೇ ನೇಕಾರನಿಗೆ ಪೂರ್ಣ ಮಜೂರಿ.

ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಕಾಯಕ ಆರಂಭಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಲೆಕ್ಕ ಬರೆಯುವುದು ಕೀಳೆಂದು ನಾವು ಹೇಗೆ ಹೇಳಬಲ್ಲೆವು?

ಆದ್ದರಿಂದ ಕುಟುಂಬದ ಹಿರಿಯರಲ್ಲಿ ನಮ್ಮ ವಿನಂತಿ: ತೂಕದ ಚೀಟಿಯನ್ನು ಅಲ್ಲಿಯೇ ಓದಿ, ಹೆಸರು, ತೂಕ, ದಿನಾಂಕ ನೋಡಿಕೊಂಡು, ಹಣ ಜಮೆಯಾಗುವವರೆಗೆ ಜೋಪಾನವಾಗಿಡಿರಿ. ಓದು ಬಲ್ಲ ಮಕ್ಕಳಿಗೆ ಈ ಹೊಣೆ ವಹಿಸಿರಿ. ಕಿಟಕಿಯ ಒಳಗಿರುವ ಬಂಧುಗಳಲ್ಲಿಯೂ ಒಂದು ಮಾತು: ರಾತ್ರಿಯೆಲ್ಲ ಸಾಲಿನಲ್ಲಿ ಕಾದು ಬಂದ ರೈತ ಎರಡನೆಯ ಸಲ ಕೇಳಿದರೆ ಬೇಸರಿಸದಿರಿ. ಅವನು ಕೇಳುತ್ತಿರುವುದು ತನ್ನ ಒಂದು ವರ್ಷದ ಬೆವರಿನ ಲೆಕ್ಕವನ್ನು. ಅದನ್ನು ನೇರವಾಗಿ ಬರೆದುಕೊಡುವ ಕೈಯೂ ಶರಣರ ಕೈಯೇ.