ನವರಂಗ ಬಂದರೆ ಜಾಗ ಹೇಳಬೇಡಿ

ಬೆಂಗಳೂರಿನ ಹಲಸೂರಿನಲ್ಲಿ ಹಳೇ ಮನೆಗಳ ಕಾಂಪೌಂಡಿನಲ್ಲಿ, ದಂಡು ಪ್ರದೇಶದ ಮರಗಳ ಅಡಿಯಲ್ಲಿ ಅಕ್ಟೋಬರ್ ಹೊತ್ತಿಗೆ ನವರಂಗ ಹಕ್ಕಿ ಇಳಿಯುವುದುಂಟು. ಮೈನಾಕ್ಕಿಂತ ಚಿಕ್ಕದು, ಸುಮಾರು 19 ಸೆಂ.ಮೀ. ಉದ್ದ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿನ ಮೇಲೆ ಕರಿಪಟ್ಟಿ, ಮೋಟು ಬಾಲದ ಬುಡದಲ್ಲಿ ಕಡುಕೆಂಪು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಸಿಳ್ಳೆ ಹಾಕುತ್ತದೆಂದು ತಮಿಳಿನವರು ಇದನ್ನು ಆರುಮಣಿ ಕುರುವಿ ಎನ್ನುತ್ತಾರೆ. ಇದರ ಒಂದು ಒಳ್ಳೆಯ ಫೋಟೊ ಸಿಗಬೇಕೆಂಬ ಆಸೆ ಕ್ಯಾಮೆರಾ ಹಿಡಿದವರಿಗೆಲ್ಲ ಇರುತ್ತದೆ. ನನಗೂ ಇದೆ. ಆದ್ದರಿಂದಲೇ ಈ ಮಾತು ಹೇಳಬೇಕೆನಿಸಿದೆ.

ಮಳೆಗಾಲದಲ್ಲಿ ಹಿಮಾಲಯದ ತಪ್ಪಲಲ್ಲಿ, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇದು ದಕ್ಷಿಣ ಭಾರತಕ್ಕೆ, ಶ್ರೀಲಂಕಾಕ್ಕೆ ಹೊರಡುತ್ತದೆ. ಹಾರುವುದು ರಾತ್ರಿ. ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಕೆ.ಆರ್. ಪುರದವರೆಗೆ ಎದ್ದಿರುವ ಗಾಜಿನ ಕಟ್ಟಡಗಳು, ಅವುಗಳ ಆರದ ದೀಪಗಳು ಇದರ ದಾರಿ ತಪ್ಪಿಸುವಂಥವು. ಬೆಳಕು ಹರಿಯುವಾಗ ದಣಿದು ಯಾವುದೋ ಹಿತ್ತಲಿಗೆ ಬಂದು ಬೀಳುತ್ತದೆ. ಕಾಗೆಗಳು ಕಂಡರೆ ಅಟ್ಟಿಸಿಕೊಂಡು ಬರುತ್ತವೆ. ಆ ಹೊತ್ತಿಗೆ ಅದಕ್ಕೆ ಬೇಕಾದದ್ದು ನೆರಳು ಮತ್ತು ಕೊಳೆಯುವ ತರಗೆಲೆ. ಎಲೆಗಳನ್ನು ಕೊಕ್ಕಿನಿಂದ ಮಗುಚಿ, ಅಡಿಯಲ್ಲಿರುವ ಹುಳು, ಗೆದ್ದಲು ಹೆಕ್ಕಿ ತಿಂದು ಮುಂದಿನ ಹಾರಾಟಕ್ಕೆ ಕೊಬ್ಬು ಕೂಡಿಸಿಕೊಳ್ಳಬೇಕು.

ಈಗ ನಡೆಯುವುದೇನು? ಒಬ್ಬರು ಕಂಡರೆ ವಾಟ್ಸಾಪ್‌ನಲ್ಲಿ ಲೊಕೇಶನ್ ಹೋಗುತ್ತದೆ. ಮಧ್ಯಾಹ್ನದೊಳಗೆ ದೊಡ್ಡ ಲೆನ್ಸುಗಳು ಸಾಲುಗಟ್ಟುತ್ತವೆ. ಹಕ್ಕಿ ಪೊದೆಯೊಳಗೆ ಸರಿದರೆ ಯಾರೋ ಮೊಬೈಲಿನಲ್ಲಿ ಅದರದೇ ಕೂಗು ಹಾಕುತ್ತಾರೆ. ಇದು ನನಗೆ ಅತ್ಯಂತ ನೋವಿನ ಸಂಗತಿ. ನವರಂಗ ಚಳಿಗಾಲದಲ್ಲೂ ತಾನು ಮೇಯುವ ಜಾಗವನ್ನು ಕಾಯುವ ಹಕ್ಕಿ. ಆ ಕೂಗು ಕೇಳಿದರೆ ಎದುರಾಳಿ ಬಂದನೆಂದು ತಿಳಿದು ಮೇವು ಬಿಟ್ಟು ಹೊರಬರುತ್ತದೆ. ನಾವು ಅದನ್ನೇ ಅವಕಾಶವೆಂದು ಕ್ಲಿಕ್ಕಿಸುತ್ತೇವೆ.

ನೋಡಿದರೆ ತಾನೇ ಜನಕ್ಕೆ ಪ್ರೀತಿ ಹುಟ್ಟುವುದು, ದಾಖಲೆಯೂ ಬೇಕಲ್ಲ ಎಂದು ಗೆಳೆಯರು ವಾದಿಸುತ್ತಾರೆ. ಖಂಡಿತ ಬೇಕು. ಜೋಸೆಫ್ ಜಾರ್ಜ್ ಮತ್ತು ಜೊತೆಗಾರರು 1972ರಲ್ಲಿ ಬೆಂಗಳೂರಿನ ಪಕ್ಷಿವೀಕ್ಷಕರ ಕ್ಲಬ್ ಕಟ್ಟಿದಂದಿನಿಂದ ಈ ಊರಿನ ಹಕ್ಕಿಗಳ ಲೆಕ್ಕ ಬರೆದಿಟ್ಟವರಿದ್ದಾರೆ. ಆದರೆ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ನಲ್ಲಿ ಹಿಂದಿನ ತಾರೀಖಿನ ಪಟ್ಟಿಯನ್ನೂ ಸೇರಿಸಬಹುದು. ಹಕ್ಕಿ ಹೊರಟುಹೋದ ಮೇಲೆ ಬರೆದರೆ ದಾಖಲೆಗೇನೂ ಕುಂದಿಲ್ಲ. ಪ್ರೀತಿ ಹುಟ್ಟಿಸಲು ಇದೇ ದಣಿದ ಹಕ್ಕಿಯೇ ಬೇಕೆಂದಿಲ್ಲ. ಹಲಸೂರು ಕೆರೆಯ ದಡಕ್ಕೆ ಮಕ್ಕಳನ್ನು ಕರೆದೊಯ್ದು ನೀರುಕಾಗೆ, ಕೊಕ್ಕರೆ ತೋರಿಸಿ.

ಫೋಟೊ ಬೇಕೆಂದರೆ ಒಂದೆಡೆ ತಗ್ಗಿ ಕೂತು ಕಾಯಬೇಕು. ಪೂರ್ಣಚಂದ್ರ ತೇಜಸ್ವಿ, ಟಿ.ಎನ್.ಎ. ಪೆರುಮಾಳ್ ಅವರಂಥವರು ತಾಳ್ಮೆಯಿಂದ ಕಾದೇ ಹಕ್ಕಿಗಳ ಫೋಟೊ ತೆಗೆದರು. ಅಲುಗದೆ ಕೂತವನ ಹತ್ತಿರಕ್ಕೆ ನವರಂಗ ತಾನಾಗಿಯೇ ಕುಪ್ಪಳಿಸಿ ಬರುವುದುಂಟು. ಬರಲಿಲ್ಲವೋ, ಎದ್ದು ಮನೆಗೆ ಹೋಗಬೇಕು.

ಈ ಹಕ್ಕಿಯನ್ನು ಕಾಪಾಡುವುದರಲ್ಲಿ ಕ್ಯಾಮೆರಾ ಇಲ್ಲದವರಿಗೂ ಪಾಲಿದೆ. ಇಂದಿರಾನಗರದಲ್ಲಿ ಎಷ್ಟೋ ಮನೆಗಳ ತೋಟ ದಿನಾ ಬೆಳಿಗ್ಗೆ ಒಂದೆಲೆಯೂ ಉಳಿಯದಂತೆ ಗುಡಿಸಿರುತ್ತದೆ. ಆ ರಾಶಿಗೆ ಬೆಂಕಿ ಇಡುವವರೂ ಇದ್ದಾರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಕಾಂಪೌಂಡಿನ ಒಂದು ಮೂಲೆ, ಪಾರ್ಕಿನ ಒಂದು ಪಕ್ಕ ಗುಡಿಸದೆ ಬಿಡಿ. ಪಾಲಿಕೆಯವರೂ ತಮ್ಮ ಪಾರ್ಕುಗಳ ಗುತ್ತಿಗೆದಾರರಿಗೆ ಇಷ್ಟು ಸೂಚನೆ ಕೊಡಲಿ, ಅದಕ್ಕೆ ಕಾಸೂ ಖರ್ಚಾಗುವುದಿಲ್ಲ.

ಗಾಜಿಗೆ ಬಡಿದು ಬಿದ್ದ ನವರಂಗ ನಿಮ್ಮ ಬಾಗಿಲಲ್ಲೇ ಸಿಕ್ಕರೆ ಬಾಯಿಗೆ ನೀರು ಹಾಕಬೇಡಿ, ಸೆಲ್ಫಿಗೆ ಹಿಡಿಯಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಮೆತ್ತಗಿನ ಬಟ್ಟೆ ಹಾಸಿ, ಮುಚ್ಚಿ, ಸದ್ದಿಲ್ಲದ ಕೋಣೆಯಲ್ಲಿಡಿ. ಒಂದೆರಡು ಗಂಟೆ ಬಿಟ್ಟು, ಬೆಕ್ಕು ಕಾಗೆ ಇಲ್ಲದ ಕಡೆ ಪೊದೆಯ ಬಳಿ ಡಬ್ಬಿ ತೆರೆಯಿರಿ. ಹಾರಲಿಲ್ಲವೆಂದರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಫೋನ್ ಮಾಡಿ.